ಗಿಡಕ್ಕೆ ಪರವಾನಗಿ, ಗಂಡನಿಗೆ ವಾರಂಟು

ಅಲ್ಲಾಲನ ತಾಯಿ ತೀರಿಕೊಂಡಿದ್ದು ಪೇಟೆಯ ಆಸ್ಪತ್ರೆಯಲ್ಲಿ. ಅವಳನ್ನು ಅಲ್ಲಿಗೆ ಸೇರಿಸಿದವಳು ಸೊಸೆ ಯಾಮ್ನಾ. ಕೊನೆಯ ಗುಟುಕು ನೀರು ಹಾಕಿದವಳೂ ಅವಳೇ. ಅಲ್ಲಾಲ್ ಹೋಗುವಂತಿರಲಿಲ್ಲ. ಪೇಟೆಗೆ ಇಳಿಯುವ ದಾರಿಯಲ್ಲಿ ಪೊಲೀಸ್ ಚೌಕಿಯಿತ್ತು, ಚೌಕಿಯಲ್ಲಿ ಅವನ ಹೆಸರಿನ ವಾರಂಟು ಇತ್ತು. ಶವ ತಂದಿದ್ದು ಊರಿನಿಂದ ಪೇಟೆಗೆ ಓಡುವ ನನ್ನ ವ್ಯಾನಿನಲ್ಲಿ. ಚೌಕಿ ದಾಟಿ, ದೇವದಾರು ಮರಗಳ ತಿರುವು ಬಂದಾಗ ಅವನು ಕಾಡಿನಿಂದ ಇಳಿದು ರಸ್ತೆಯ ಮಧ್ಯೆ ನಿಂತಿದ್ದ. ನಾನು ನಿಲ್ಲಿಸಿದೆ. ಅವನು ಹಿಂದೆ ಹತ್ತಿ, ಹೊದಿಸಿದ್ದ ಕಂಬಳಿಯ ಅಂಚನ್ನು ಸರಿಸಿ ಮುಖ ನೋಡಿ, ಮತ್ತೆ ಮುಚ್ಚಿದ.

ಅವನು ಮಾಡಿದ ತಪ್ಪು ನಾವೆಲ್ಲ ಮಾಡಿದ್ದೇ. ಕಿಫ್ ಬೆಳೆದಿದ್ದ. ಹೊರಗಿನವರು ಗಾಂಜಾ ಎನ್ನುವುದನ್ನು ನಾವು ಕಿಫ್ ಎನ್ನುತ್ತೇವೆ. ರಿಫ್ ಬೆಟ್ಟದ ನಮ್ಮ ಕಲ್ಲುಮಣ್ಣಿನಲ್ಲಿ ಬಾರ್ಲಿ ಮೊಣಕಾಲೆತ್ತರ ಬಂದರೆ ದೊಡ್ಡದು, ಕಿಫ್ ಆಳೆತ್ತರ ಬರುತ್ತದೆ. ಮುತ್ತಜ್ಜಂದಿರ ಕಾಲದಲ್ಲಿ ಸುಲ್ತಾನರು ಬೆಳೆಯಿರಿ ಎಂದಿದ್ದರು. ಆಮೇಲೆ ಬಂದ ಸ್ಪೇನಿನವರು ಬೆಳೆಯಿರಿ, ನಮಗೇ ಮಾರಿ ಎಂದರು. ಸ್ವಾತಂತ್ರ್ಯ ಬಂದಾಗ ನಮ್ಮವರೇ ಬೆಳೆಯಬೇಡಿ ಎಂದರು. ಬೆಟ್ಟದ ಜನ ತಿರುಗಿಬಿದ್ದಾಗ ಕಣ್ಣು ಮುಚ್ಚಿಕೊಂಡರು. ಯುರೋಪಿನವರು ಗೊಣಗಿದಾಗ ಕಣ್ಣು ತೆರೆದರು. ಗಿಡ ಅದೇ, ಇಳಿಜಾರು ಅದೇ. ಮೇಲಿನವರ ರೆಪ್ಪೆ ಮಾತ್ರ ಏಳುತ್ತಿತ್ತು, ಬೀಳುತ್ತಿತ್ತು.

ಊರಿಗೆ ಊರೇ ಬೆಳೆಯುವಾಗ ಎಲ್ಲರನ್ನೂ ಹಿಡಿಯಲಾಗುವುದಿಲ್ಲ. ಹಾಗಾಗಿ ಯಾರ ಹೆಸರು ಹೊರಬೀಳುತ್ತದೋ ಅವನನ್ನು ಹಿಡಿಯುತ್ತಿದ್ದರು. ನೀರಿನ ಜಗಳ, ಕತ್ತೆ ಮೇಯ್ದ ಜಗಳ, ಹೆಣ್ಣು ಕೊಡದ ಜಗಳ, ಯಾವುದಾದರೂ ಸಾಕು. ಒಬ್ಬ ಇನ್ನೊಬ್ಬನ ಹೆಸರನ್ನು ಪೊಲೀಸರ ಕಿವಿಗೆ ಹಾಕುತ್ತಿದ್ದ. ಅಲ್ಲಾಲನ ಹೆಸರು ಹಾಕಿದವರು ಯಾರು ಎಂದು ನನಗೆ ಗೊತ್ತಿಲ್ಲ. ಅವನಿಗೆ ಮಾತ್ರ ಅನುಮಾನವಿರಲಿಲ್ಲ. ಯಾಮ್ನಾಳ ಅಣ್ಣ ಮೀಮೂನ್ ಎಂದು ನಂಬಿದ್ದ.

ಮೀಮೂನ್ ನಮ್ಮೂರಿನ ದಲ್ಲಾಳಿ. ಚಳಿಗಾಲದಲ್ಲಿ ನಾವು ಒಣಗಿದ ಗಿಡವನ್ನು ಬಟ್ಟೆಯ ಮೇಲೆ ಬಡಿದು ಸೋಸಿದ ಅಮಲಿನ ಪುಡಿಯನ್ನು ಅವನೇ ಕೊಳ್ಳುತ್ತಿದ್ದ, ಕಡಲ ಕಡೆಯವರಿಗೆ ದಾಟಿಸುತ್ತಿದ್ದ. ಅಪ್ಪನ ಹೊಲವೆಲ್ಲ ಅವನ ಕೈಯಲ್ಲಿತ್ತು. ಅಲ್ಲಿ ಬಾವಿ ಕೊರೆಸಿ, ಪಂಪು ಇಟ್ಟು, ಹೊರಗಿನಿಂದ ತಂದ ಹೊಸ ತಳಿ ಬೆಳೆಯುತ್ತಿದ್ದ. ಆ ತಳಿ ಬೇಸಿಗೆಯಿಡೀ ನೀರು ಕುಡಿಯುತ್ತದೆ. ನಮ್ಮ ನಾಟಿ ಕಿಫ್‌ಗೆ ಮಳೆ ಸಾಕು. ಅವನ ಬಾವಿ ಆಳಕ್ಕಿಳಿದಂತೆ ಕೆಳಗಿನ ಮನೆಗಳ ಒರತೆ ಬತ್ತಿತು. ಈ ವಿಷಯಕ್ಕೆ ಬಾವ ಬಾಮೈದ ಒಮ್ಮೆ ಕೈ ಕೈ ಮಿಲಾಯಿಸಿದ್ದರು. ಅದೇ ವರ್ಷ ವಾರಂಟು ಬಂತು.

ಆಮೇಲೆ ಅಲ್ಲಾಲನ ಬದುಕು ಬೆಟ್ಟದ ಮೇಲ್ಭಾಗಕ್ಕೆ ಸೀಮಿತವಾಯಿತು. ಹಲ್ಲುನೋವು ಬಂದಾಗ ಹೇಸರಗತ್ತೆಗೆ ಲಾಳ ಕಟ್ಟುವವನೇ ಕಿತ್ತ. ಪೊಲೀಸ್ ಜೀಪಿನ ಸದ್ದು ಕೇಳಿದರೆ ಊಟದ ತಟ್ಟೆ ಬಿಟ್ಟು ಕಾಡು ಸೇರುತ್ತಿದ್ದ. ಜೀಪು ಹೋದ ಮೇಲೆ ಬಂದು ತಣ್ಣಗಾದದ್ದನ್ನು ತಿನ್ನುತ್ತಿದ್ದ. ಗುರುತಿನ ಚೀಟಿಯ ಅವಧಿ ಮುಗಿಯಿತು. ಇಂಥವರು ನಮ್ಮ ಕಣಿವೆಯಲ್ಲಿ ಅವನೊಬ್ಬನೇ ಅಲ್ಲ. ಮದುವೆ, ಸುನ್ನತಿ, ಸಂತೆ, ಆಸ್ಪತ್ರೆ, ಶಾಲೆ, ಕಚೇರಿ ಎಲ್ಲವನ್ನೂ ಹೆಂಗಸರು ನೋಡಿಕೊಂಡರು. ನನ್ನ ವ್ಯಾನಿನಲ್ಲಿ ಗಂಡಸರ ಸೀಟೆಲ್ಲ ಖಾಲಿ.

ಐದು ವರ್ಷಕ್ಕೊಮ್ಮೆ, ಚುನಾವಣೆ ಬಂದಾಗ, ಸಂತೆಯ ಮೈದಾನದಲ್ಲಿ ವೇದಿಕೆ ಏಳುತ್ತಿತ್ತು. ವೇದಿಕೆಯ ಮೇಲೆ ಕಿಫ್ ಕಾನೂನುಬದ್ಧವಾಗುತ್ತಿತ್ತು, ವೇದಿಕೆ ಬಿಚ್ಚಿದ ಮೇಲೆ ಮತ್ತೆ ಅಪರಾಧವಾಗುತ್ತಿತ್ತು. ಆ ವರ್ಷ ರಾಜಧಾನಿ ರಬಾತಿನಿಂದ ಒಬ್ಬ ಮಹನೀಯರು ಬಂದರು. ನಮ್ಮವರ ನಿಲುವಂಗಿ, ಬಿಳಿ ಜಲ್ಲಾಬಾ ಹಾಕಿದ್ದರು, ಚೆನ್ನಾಗಿಯೇ ಮಾತಾಡಿದರು. ಔಷಧಿ ಕಾರ್ಖಾನೆ ಬರುತ್ತದೆ, ಗಿಡಕ್ಕೆ ಸರಕಾರವೇ ಪರವಾನಗಿ ಕೊಡುತ್ತದೆ, ಬೆಟ್ಟದ ಮಕ್ಕಳು ತಲೆಯೆತ್ತಿ ನಡೆಯುತ್ತಾರೆ ಎಂದರು. ಮೀಮೂನ್ ಮೊದಲ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ. ಪ್ರತಿ ಸಲವೂ ತಟ್ಟುತ್ತಿದ್ದ. ಹೆಂಗಸರ ಗುಂಪಿನಿಂದ ಯಾಮ್ನಾ ಎದ್ದು ನಿಂತಳು. ಅವಳು ದೊಡ್ಡ ಗಂಟಲಿನವಳಲ್ಲ. ಅದಕ್ಕೇ ಎಲ್ಲರೂ ಸುಮ್ಮನಾದರು.

"ಸಾಹೇಬ್ರೇ, ಗಿಡಕ್ಕೆ ಪರವಾನಗಿ ಕೊಡ್ತೀವಿ ಅಂದ್ರಿ. ಸಂತೋಷ. ನನ್ನ ಗಂಡ ಗಿಡ ಅಲ್ವಲ್ಲ. ಅವನಿಗೇನ್ ಕೊಡ್ತೀರಿ?"

ಜನ ನಕ್ಕರು. ಮಹನೀಯರೂ ನಕ್ಕರು. "ನಿಮ್ಮ ಯಜಮಾನ್ರು ಎಲ್ಲಿದಾರೆ ತಾಯಿ?"

"ಅದನ್ನ ನಿಮ್ಮ ಹಿಂದೆ ನಿಂತಿರೋ ಪೊಲೀಸಪ್ಪನ ಎದುರಿಗೇ ಹೇಳ್ಲಾ?"

ಈ ಸಲ ನಗು ಜೋರಾಯಿತು. ಪೊಲೀಸ್ ಅಧಿಕಾರಿ ಬೂಟಿನ ಕಡೆ ನೋಡಿಕೊಂಡ.

"ಒಂದ್ಸಲ ಕಣ್ಣಾಡ್ಸಿ ನೋಡಿ," ಎಂದಳು ಯಾಮ್ನಾ. "ಇಲ್ಲಿ ಹೆಂಗಸರೇ ಯಾಕೆ ತುಂಬಿದಾರೆ? ಗಂಡಸರು ಬಂದಿಲ್ಲ ಅಂತಲ್ಲ. ಅಲ್ಲಿ, ಮೇಲೆ, ಮರದ ಸಂದೀಲಿ ಕೂತು ಕೇಳಿಸ್ಕೊತಿದಾರೆ. ನಿಮ್ಮ ಮೈಕು ಚೆನ್ನಾಗಿದೆ. ಆದ್ರೆ ವೋಟ್ ಹಾಕಕ್ಕೆ ಚೀಟಿ ಬೇಕು. ಚೀಟಿ ಮಾಡ್ಸಕ್ಕೆ ಪೇಟೆಗೆ ಬರ್ಬೇಕು. ಪೇಟೆಗೆ ಬಂದ್ರೆ ಜೈಲು. ಹಂಗಾಗಿ ನಮ್ಮ ಮನೇಲಿ ಇರೋದು ಒಂದೇ ವೋಟು. ಅದು ನಂದು. ಸ್ವಲ್ಪ ನೋಡ್ಕೊಂಡು ಮಾತಾಡಿ."

ಮಹನೀಯರು ಬೆವರು ಒರೆಸಿಕೊಂಡು, "ಖಂಡಿತ, ಖಂಡಿತ," ಎಂದರು. ಅವರು ಗೆದ್ದರೋ ಸೋತರೋ ನನಗೆ ನೆನಪಿಲ್ಲ. ಆದರೆ ನಾವು ಯಾರೂ ನಂಬದಿದ್ದದ್ದು ಆಮೇಲೆ ನಿಜವಾಯಿತು. ಸಂಸತ್ತಿನಲ್ಲಿ ಕಾನೂನು ಪಾಸಾಯಿತು. ಔಷಧಿಗೆ, ನಾರಿಗೆ, ಎಣ್ಣೆಗೆ ಕಿಫ್ ಬೆಳೆಯಬಹುದು. ಸರಕಾರದ ಪರವಾನಗಿ ಬೇಕು. ಸಹಕಾರ ಸಂಘದ ಮೂಲಕ ಕಂಪನಿಗೆ ಮಾರಬೇಕು. ಪುಡಿ ಸೋಸುವಂತಿಲ್ಲ, ಸೇದಲು ಮಾರುವಂತಿಲ್ಲ.

ಈ ಸುದ್ದಿ ಹೊತ್ತು ಮನೆ ಮನೆ ತಿರುಗಿದವನು ತೆಹಾಮಿ. ಅವನು ನಮ್ಮೂರಿನಲ್ಲಿ ಸರಕಾರದ ಕಣ್ಣು, ಕಿವಿ, ಬಾಯಿ. ಮೊನ್ನೆಯವರೆಗೆ ಯಾರ ಹೊಲದಲ್ಲಿ ಏನಿದೆ ಎಂದು ಮೇಲಕ್ಕೆ ಹೇಳುತ್ತಿದ್ದವನೇ ಈಗ, "ಬನ್ನಿ, ಹೆಸರು ಕೊಡಿ, ಏನೂ ಆಗಲ್ಲ," ಎಂದರೆ ಯಾರು ಕೊಡುತ್ತಾರೆ? ಕಾಫಿ ಅಂಗಡಿಯಲ್ಲಿ ಮೀಮೂನ್ ಎಲ್ಲರಿಗೂ ಟೀ ಕೊಡಿಸಿ ಹೇಳಿದ:

"ಬಲೆ ಕಣ್ರೋ ಇದು, ಬಲೆ. ಇಷ್ಟು ದಿನ ಒಬ್ಬೊಬ್ಬರನ್ನೇ ಹುಡುಕ್ಕೊಂಡು ಬೆಟ್ಟ ಹತ್ತಿ ಸುಸ್ತಾಗಿದಾರೆ. ಈಗ ನೀವೇ ಸಾಲಾಗಿ ಹೋಗಿ, ಸ್ವಾಮಿ ನಾನೂ ಬೆಳೀತೀನಿ ಅಂತ ಬರೆಸಿ ಬನ್ನಿ. ಅವರಿಗೆ ಪೆಟ್ರೋಲ್ ಉಳೀತು."

ಜನ ತಲೆದೂಗಿದರು. ಅವನ ಮಾತು ಸುಳ್ಳೆಂದು ಹೇಳಲು ನಮ್ಮ ಬಳಿ ಯಾವ ಸಾಕ್ಷಿಯೂ ಇರಲಿಲ್ಲ.

ಯಾಮ್ನಾ ಮಾತ್ರ ತೆಹಾಮಿಯನ್ನು ಒಳಗೆ ಕರೆದು ಕೂರಿಸಿ, ಏನೇನು ಬೇಕು ಎಂದು ಕೇಳಿದಳು. ಚೀಟಿ ಬೇಕು, ಅವಳಿಗಿತ್ತು. ಹೊಲ ಬೇಕು. ಗಂಡನ ಹೊಲ ಗಂಡನ ಹೆಸರಿನಲ್ಲಿತ್ತು, ಗಂಡ ಕಾಡಿನಲ್ಲಿದ್ದ. ತಲೆಮರೆಸಿಕೊಂಡವನ ಹೊಲಕ್ಕೆ ಪರವಾನಗಿ ಸಿಗುವುದಿಲ್ಲ. ತೆಹಾಮಿ ಟೀ ಮುಗಿಸಿ ಎದ್ದ. "ನಿನ್ನ ಹೆಸರಲ್ಲೇ ಒಂದು ತುಂಡು ಭೂಮಿ ಇದ್ದಿದ್ರೆ ಬೇರೆ ಮಾತಿತ್ತಮ್ಮಾ," ಎಂದ.

"ಇದೆ," ಎಂದಳಂತೆ ಯಾಮ್ನಾ. "ಅಣ್ಣನ ಹತ್ರ ಇದೆ."

ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಅಪ್ಪನ ಆಸ್ತಿಯಲ್ಲಿ ಪಾಲುಂಟು, ದೇವರೇ ಹೇಳಿದ್ದಾನೆ. ಕೇಳುವ ರೂಢಿ ಮಾತ್ರ ಇಲ್ಲ. ಪಾಲು ಕೇಳಿದವಳಿಗೆ ಪಾಲು ಸಿಗುತ್ತದೆ, ತವರು ಹೋಗುತ್ತದೆ. ಹಬ್ಬಕ್ಕೆ ಕರೆಯುವವರಿಲ್ಲ, ಗಂಡ ಹೊಡೆದರೆ ಓಡಿ ಹೋಗಲು ಬಾಗಿಲಿಲ್ಲ. ಹಾಗಾಗಿ ಹೆಂಗಸರು ಪಾಲು ಬಿಟ್ಟು ಬಾಗಿಲು ಉಳಿಸಿಕೊಳ್ಳುತ್ತಾರೆ.

ಅಲ್ಲಾಲನಿಗೆ ವಿಷಯ ತಿಳಿದಾಗ ಅವನು ಕೂಗಾಡಿದ. ಅವರ ಮನೆ ನನ್ನ ಮನೆಗೆ ಒಂದೇ ಗೋಡೆ.

"ಆ ನಾಯಿ ಹೊಲದ ಮಣ್ಣು ನನ್ನ ಹೊಸಿಲು ದಾಟಕೂಡ್ದು!"

"ನಾಯಿ ಹೊಲ ಅಲ್ಲ. ನಮ್ಮಪ್ಪನ ಹೊಲ."

"ನನ್ನನ್ನ ಕಾಡಿಗೆ ಅಟ್ಟಿದವನ ಮುಂದೆ ಹೋಗಿ ಸೆರಗೊಡ್ಡಿ ಬೇಡ್ತೀಯಾ?"

"ಬೇಡಲ್ಲ. ಕೇಳ್ತೀನಿ."

"ಅವನು ಕೊಡ್ದೆ ಇದ್ರೆ?"

"ಕೊಡ್ತಾನೆ. ಊಟ ಮಾಡು, ಆರ್ತಿದೆ."

ಶುಕ್ರವಾರ, ಎಲ್ಲರೂ ಮನೆಯಲ್ಲಿರುವ ಹೊತ್ತಿನಲ್ಲಿ, ಅವಳು ಅಣ್ಣನ ಮನೆಗೆ ಹೋದಳು. ಜೊತೆಗೆ ತೆಹಾಮಿ ಬೇಕೆಂದಳು, ಇನ್ನೊಬ್ಬ ಸಾಕ್ಷಿಯಾಗಿ ನನ್ನನ್ನು ಕರೆದಳು. ಮೀಮೂನ್ ಕುಸ್ಕುಸ್ ತಟ್ಟೆಯ ಮುಂದೆ ಕೂತಿದ್ದ. ತಂಗಿಯನ್ನು ನೋಡಿ, "ಬಾ, ಕೂತ್ಕೋ, ಕೈ ಹಾಕು," ಎಂದ. ಅವಳು ಕೂತಳು, ಕೈ ಹಾಕಲಿಲ್ಲ.

"ಅಣ್ಣ, ಅಪ್ಪನ ಹೊಲದಲ್ಲಿ ನನ್ನ ಪಾಲು ಬಿಡಿಸಿ ಕೊಡು."

ಮೀಮೂನ್ ಅಗಿಯುವುದನ್ನು ನಿಲ್ಲಿಸಲಿಲ್ಲ. "ಯಾರು ಹೇಳ್ಕೊಟ್ರು? ಕಾಡಲ್ಲಿರೋ ನರಿಯಾ?"

"ನರಿಗೆ ಇಷ್ಟವಿಲ್ಲ. ನನಗಿಷ್ಟ."

"ಯಾಮ್ನಾ, ನಿನ್ನ ಮಗಳ ಕಿವಿಗೆ ಚಿನ್ನ ಹಾಕಿದವನು ನಾನು. ನಿನ್ನತ್ತೆ ಸತ್ತಾಗ ಸಕ್ಕರೆ, ಹಿಟ್ಟು, ಎಣ್ಣೆ ಕಳಿಸಿದವನು ನಾನು."

"ಹೌದು. ದೇವರು ನಿನಗೆ ಒಳ್ಳೇದು ಮಾಡ್ಲಿ. ಅದು ನಿನ್ನ ದೊಡ್ಡತನ. ಇದು ನನ್ನ ಪಾಲು. ಎರಡೂ ಬೇರೆ."

"ಕೊಡಲ್ಲ ಅಂದ್ರೆ?"

"ಕಾಜಿ ಹತ್ರ ಹೋಗ್ತೀನಿ. ಕಾಜಿ ಅಳೆಯೋಕೆ ಜನ ಕಳಿಸ್ತಾನೆ. ಬಂದವರು ಹೊಲದ ಉದ್ದ ಅಗಲ ನೋಡ್ತಾರೆ. ಹೊಲದಲ್ಲಿ ಏನು ನಿಂತಿದೆ, ಬಾವಿ ಎಷ್ಟು ಆಳ ಇದೆ ಅಂತಲೂ ನೋಡ್ತಾರೆ."

ಮೀಮೂನ್ ಅಗಿಯುವುದನ್ನು ನಿಲ್ಲಿಸಿದ. ತೆಹಾಮಿ ಗೋಡೆಯ ಮೇಲಿನ ಕಾಬಾದ ಚಿತ್ರವನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದ.

"ಮೇಲಿನ ಕಲ್ಲುಪಟ್ಟಿ ತಗೋ," ಎಂದ ಮೀಮೂನ್ ಕೊನೆಗೆ. "ನೀರು ಕೇಳ್ಬೇಡ. ಅಲ್ಲಿ ನಿನ್ನ ಹಣೆಬರಹ ಬೆಳ್ಕೋ. ಇನ್ನೊಂದು. ಹೋಗ್ತಾ ಬಾಗ್ಲು ಎಳ್ಕೊಂಡು ಹೋಗು. ಮತ್ತೆ ಇದನ್ನ ತಟ್ಟಬೇಡ."

ಅವಳು ಎದ್ದು, ಅತ್ತಿಗೆಯ ಹೆಗಲಿಗೆ ಮುತ್ತಿಟ್ಟು, ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಇಳಿಜಾರಿನಲ್ಲಿ ಸ್ವಲ್ಪ ದೂರ ನಡೆದ ಮೇಲೆ ಕಲ್ಲಿನ ಮೇಲೆ ಕೂತಳು. ಅತ್ತಳೋ ಇಲ್ಲವೋ, ನಾನು ಮುಂದೆ ನಡೆದುಬಿಟ್ಟಿದ್ದೆ.

ಕಲ್ಲುಪಟ್ಟಿಯಲ್ಲಿ ಮೀಮೂನನ ಹೊಸ ತಳಿ ಒಂದು ವಾರವೂ ಬದುಕುತ್ತಿರಲಿಲ್ಲ. ನಾಟಿ ಕಿಫ್‌ಗೆ ಅಂಥದ್ದೇ ಬೇಕು. ಗಂಡಂದಿರು ಕಾಡಿನಲ್ಲಿದ್ದ ಹೆಂಗಸರನ್ನು, ಕೆಲವು ವಿಧವೆಯರನ್ನು ಯಾಮ್ನಾ ಒಟ್ಟು ಮಾಡಿದಳು. ಯಾರಿಗೆ ತುಂಡು ನೆಲವಿತ್ತೋ ಅವರು ನೆಲ ತಂದರು, ಇಲ್ಲದವರು ಕೈ ತಂದರು. ಸಂಘವಾಯಿತು. ಪೇಟೆಯ ಕಚೇರಿಗೆ ನಾನೇ ಅವರನ್ನು ಹತ್ತಾರು ಸಲ ಕರೆದುಕೊಂಡು ಹೋದೆ. ಒಂದು ಸಲ ಮುದ್ರೆ ತಪ್ಪು, ಒಂದು ಸಲ ಅಧಿಕಾರಿ ರಜ, ಒಂದು ಸಲ ಹೆಸರಿನಲ್ಲಿ ಅಕ್ಷರ ತಪ್ಪು. ವಾಪಸು ಬರುವಾಗ ಅವರು ವ್ಯಾನಿನಲ್ಲಿ ಹಾಡು ಹೇಳುತ್ತಿದ್ದರು, ಅಧಿಕಾರಿಗಳನ್ನು ಬೈಯುವ ಹಾಡು, ಕಟ್ಟಿದ್ದು ಅವರೇ. ಕೊನೆಗೆ ಪರವಾನಗಿ ಬಂತು, ಬಿತ್ತನೆಗೆ ಸ್ವಲ್ಪ ತಡವಾಗಿಯೇ.

ಆ ಬೇಸಿಗೆ ಊರು ಒಂದು ವಿಚಿತ್ರ ನೋಡಿತು. ಪೊಲೀಸ್ ಜೀಪು ಬಂದು ಕಲ್ಲುಪಟ್ಟಿಯ ಕೆಳಗೆ ನಿಂತಿತು. ಇಳಿದ ದಫೇದಾರ, ಅವನ ಜೊತೆಗೆ ಬಂದ ಸರಕಾರದ ಕೃಷಿ ಅಧಿಕಾರಿ ಸಾಲುಗಳ ಮಧ್ಯೆ ನಡೆದು, ಗಿಡಗಳನ್ನು ನೋಡಿ, ಎಲೆ ಮುಟ್ಟಿ, ತಲೆಯಾಡಿಸಿದರು. ಯಾಮ್ನಾ ಅವರಿಗೆ ಪುದೀನ ಟೀ ಕೊಟ್ಟಳು. ಮೇಲೆ ದೇವದಾರಿನ ನೆರಳಲ್ಲಿ ಅಲ್ಲಾಲ್ ಬೋರಲಾಗಿ ಮಲಗಿ ನೋಡುತ್ತಿದ್ದ. ಅವನು ಯಾವ ಗಿಡಕ್ಕಾಗಿ ಅಲ್ಲಿದ್ದನೋ ಅದೇ ಗಿಡದ ನೆರಳಲ್ಲಿ ಪೊಲೀಸರು ಕೂತು ಟೀ ಹೀರುತ್ತಿದ್ದರು.

ದಫೇದಾರ ಹಳಬ. ಅಲ್ಲಾಲನನ್ನು ಹಿಂದೆ ಓಡಿಸಿಕೊಂಡು ಹೋದವನೇ. ಲೋಟ ಕೆಳಗಿಟ್ಟು ಕೇಳಿದ, "ಯಜಮಾನ್ರು ಎಲ್ಲಮ್ಮಾ?"

"ಕಾಡಲ್ಲಿ."

"ಏನ್ ಮಾಡ್ತಿದಾರೆ?"

"ನಿಮ್ಮನ್ನ ನೋಡ್ತಿದಾರೆ."

ಕೃಷಿ ಅಧಿಕಾರಿ ಕೆಮ್ಮಿದ. ದಫೇದಾರ ಬೆಟ್ಟದ ಕಡೆ ಒಮ್ಮೆ ಕಣ್ಣೆತ್ತಿ, ಇಳಿಸಿದ. "ಇವತ್ತು ಗಿಡ ನೋಡೋಕೆ ಕಳಿಸಿದಾರೆ," ಎಂದ. "ಮನುಷ್ಯರನ್ನ ನೋಡು ಅಂತ ಹೇಳಿಲ್ಲ. ಇನ್ನೊಂದು ಲೋಟ ಹಾಕಿ."

ಅಂದು ಅಲ್ಲಾಲ್ ಮನೆಗೆ ಬಂದಾಗ ಏನೂ ತಿನ್ನಲಿಲ್ಲವಂತೆ. ದಫೇದಾರ ಎಷ್ಟು ಬೆಲ್ಲದ ಹಾಗೆ ನಕ್ಕ, ಎಷ್ಟು ಲೋಟ ಕುಡಿದ ಎಂದು ಮತ್ತೆ ಮತ್ತೆ ಹೇಳಿದನಂತೆ. ಮರುದಿನ ಸಂಘದ ಹೊಲಕ್ಕೆ ಕಾಲಿಡದೆ ತನ್ನದೇ ಹೊಲಕ್ಕೆ ಹೋದ. ಅಲ್ಲಿ ಅವನು ಎಂದಿನಂತೆ ಪರವಾನಗಿಯಿಲ್ಲದ ಕಿಫ್ ಬಿತ್ತಿದ್ದ.

ಕೊಯ್ಲಿನ ಹೊತ್ತಿಗೆ ರಾಜರ ಕ್ಷಮಾದಾನದ ಸುದ್ದಿ ಬಂತು. ಕಿಫ್ ಬೆಳೆದದ್ದಕ್ಕೆ ಜೈಲಿನಲ್ಲಿರುವವರಿಗೆ, ಕೇಸಿರುವವರಿಗೆ, ತಲೆಮರೆಸಿಕೊಂಡವರಿಗೆ, ಸಾವಿರಾರು ಮಂದಿಗೆ. ಊರಿನ ಹೆಂಗಸರು ಮಾಳಿಗೆ ಹತ್ತಿ ನಾಲಗೆ ತಿರುಗಿಸಿ ಜಯಕಾರ ಹಾಕಿದರು. ಕಾಡಿನಿಂದ ಗಂಡಸರು ಒಬ್ಬೊಬ್ಬರಾಗಿ ಇಳಿದು ಬಂದರು, ಕೆಲವರು ಅಳುತ್ತ, ಕೆಲವರು ನಾಚಿಕೊಂಡು. ಅಲ್ಲಾಲ್ ಬರಲಿಲ್ಲ. ಯಾಮ್ನಾ ನನ್ನನ್ನು ಕರೆದುಕೊಂಡು ಮೇಲೆ ಹೋದಳು.

"ಇಳಿ," ಎಂದಳು. "ಮುಗೀತು."

"ರೇಡಿಯೋದಲ್ಲಿ ನನ್ನ ಹೆಸರು ಹೇಳಿದ್ರಾ?"

"ಸಾವಿರಾರು ಜನ. ಯಾರ ಹೆಸರನ್ನೂ ಹೇಳಲ್ಲ."

"ಹಾಗಾದ್ರೆ ನಾನು ಅದ್ರಲ್ಲಿಲ್ಲ ಅಂತ್ಲೂ ಆಗ್ಬಹುದು."

ನಾನು ನಡುವೆ ಬಾಯಿ ಹಾಕಿದೆ: "ಮಾರಾಯ, ಪಕ್ಕದ ಕಣಿವೆಯ ಕುಂಟ ಕೂಡ ಇಳಿದು ಬಂದ. ಅವನ ಮೇಲೆ ನಿನಗಿಂತ ಹೆಚ್ಚು ಕೇಸು."

"ಅವನು ಕುಂಟ. ಓಡೋದು ಕಷ್ಟ. ನಂಬದೆ ಏನ್ಮಾಡ್ತಾನೆ?"

ಅವನು ನಂಬಲು ಕೆಲವು ದಿನ ಬೇಕಾಯಿತು. ತೆಹಾಮಿ ವಿಚಾರಿಸಿ ಬಂದು, ಹೆಸರಿದೆ ಎಂದು ಖಚಿತಪಡಿಸಿದ ಮೇಲೆ ಗಡ್ಡ ತೆಗೆಸಿ, ಮದುವೆಯ ಜಲ್ಲಾಬಾ ಹಾಕಿಕೊಂಡು ನನ್ನ ವ್ಯಾನು ಹತ್ತಿದ. ಚೌಕಿ ಹತ್ತಿರವಾದಾಗ ಅವನ ಕೈ ಬಾಗಿಲಿನ ಹಿಡಿಯ ಮೇಲೆ ಹೋಯಿತು. ಪೊಲೀಸ್ ಪೇದೆ ಕೈಬೀಸಿ ಬಿಟ್ಟ, ಒಳಗೆ ಇಣುಕಿಯೂ ನೋಡಲಿಲ್ಲ. ಅಷ್ಟು ಸುಲಭವೇ ಎಂಬಂತೆ ಅಲ್ಲಾಲ್ ಹಿಂದಿರುಗಿ ಚೌಕಿಯನ್ನು ನೋಡುತ್ತಲೇ ಇದ್ದ.

ಕಚೇರಿಯಲ್ಲಿ ಚೀಟಿ ಮಾಡುವ ಹೆಣ್ಣುಮಗಳು ಕೇಳಿದಳು, "ಉದ್ಯೋಗ?"

"ರೈತ."

"ಏನ್ ಬೆಳೀತೀರಿ?"

"ಬಾರ್ಲಿ," ಎಂದ ಅಲ್ಲಾಲ್, ತಟ್ಟನೆ.

ಹೊರಗೆ ಬಂದ ಮೇಲೆ ನನಗೆ ನಗು ತಡೆಯಲಾಗಲಿಲ್ಲ. "ಅಲ್ಲಯ್ಯಾ, ಈಗ್ಲೂ ಬಾರ್ಲಿನಾ?" ಎಂದೆ. ಅವನು ನಗಲಿಲ್ಲ. "ಬಾಯಿಗೆ ಅದೇ ಬಂತು," ಎಂದ.

ಸಂಘದ ಬೆಳೆಯನ್ನು ಕಂಪನಿಯ ಲಾರಿ ಬಂದು ತುಂಬಿಕೊಂಡು ಹೋಯಿತು. ದುಡ್ಡು ಮುಂದಿನ ತಿಂಗಳು ಎಂದರು. ಮುಂದಿನ ತಿಂಗಳು ಬಂತು, ಹೋಯಿತು. ಹಿಮ ಬಿತ್ತು. ಸಂಘದ ಹೆಂಗಸರು ಯಾಮ್ನಾಳ ಮನೆಗೆ ಬಂದು ಕೂತು ಎದ್ದು ಹೋಗುತ್ತಿದ್ದರು. ಮೊದಮೊದಲು ಕೇಳುತ್ತಿದ್ದರು, ಆಮೇಲೆ ಸುಮ್ಮನೆ ಕೂತಿರುತ್ತಿದ್ದರು. ಕಾಫಿ ಅಂಗಡಿಯಲ್ಲಿ ಮೀಮೂನ್, "ಪೊಲೀಸು ಹಿಡಿದ್ರೆ ಒಂದು ದಿನ ಬಿಡ್ತಾನೆ. ಕಂಪನಿ ಹಿಡಿದ್ರೆ ಬಿಡೋರ್ಯಾರು?" ಎಂದು ನಗುತ್ತಿದ್ದ.

ಅಲ್ಲಾಲನ ಅಟ್ಟದಲ್ಲಿ ಅವನ ಸ್ವಂತ ಹೊಲದ ಕಿಫ್ ಒಣಗಿ ನಿಂತಿತ್ತು. ಒಂದು ಮಧ್ಯಾಹ್ನ ಅವನು ದೊಡ್ಡ ಬೋಗುಣಿ ತಂದು, ಅದರ ಬಾಯಿಗೆ ತೆಳು ಬಟ್ಟೆ ಬಿಗಿದು, ಕೋಲು ಹಿಡಿದು ಕೂತ. ನಮ್ಮ ಚಳಿಗಾಲದ ಸದ್ದೇ ಅದು, ಕಣಿವೆಯ ತುಂಬ ತಮಟೆಯಂತೆ ಕೇಳುತ್ತದೆ. ಎರಡು ಪೆಟ್ಟು ಬಿದ್ದಿರಬೇಕು. ಸದ್ದು ನಿಂತಿತು. ಗೋಡೆಯಾಚೆಯಿಂದ ಯಾಮ್ನಾಳ ದನಿ.

"ಕೋಲು ಕೊಡು."

"ಮನೇಲಿ ಹಿಟ್ಟಿಲ್ಲ. ನಿನ್ನ ಕಂಪನಿ ಕೊಡ್ತಾ?"

"ಹಿಟ್ಟು ಸಾಲ ತರ್ತೀನಿ. ರಾಜರು ಮಾಫಿ ಮಾಡಿದ್ದು ಹಳೇದನ್ನ. ಇದು ಹೊಸದು. ಈ ಸೂರಿನಡಿ ಒಂದು ಚಿಟಿಕೆ ಪುಡಿ ಸಿಕ್ರೆ ನನ್ನ ಪರವಾನಗಿ ಹೋಗುತ್ತೆ. ನಂದು ಮಾತ್ರ ಅಲ್ಲ, ಅಷ್ಟೂ ಹೆಂಗಸರದ್ದು."

"ನಿನ್ನ ಪರವಾನಗಿ, ನಿನ್ನ ಹೊಲ, ನಿನ್ನ ಸಂಘ! ನಾನಿಲ್ಲಿ ಯಾರು? ಕಾಡಲ್ಲಿದ್ದಾಗ ಕನಿಷ್ಠ ಈ ಮನೆ ಯಜಮಾನ ಅಂತ ಪೊಲೀಸರಾದ್ರೂ ಬರ್ಕೊಂಡಿದ್ರು."

ಬೋಗುಣಿ ಬದಿಗೆ ಸರಿಸಿದ ಸದ್ದು ಕೇಳಿಸಿತು. ಆಮೇಲೆ ಯಾಮ್ನಾ ಹೇಳಿದಳು, "ನೀನು ಕಾಡಲ್ಲಿದ್ದಾಗ ನಾನು ಬಾಗಿಲಿಗೆ ಅಗುಳಿ ಹಾಕ್ದೆ ಮಲಗ್ತಿದ್ದೆ, ನೀನು ಯಾವಾಗ ಓಡಿ ಬರ್ತೀಯೋ ಅಂತ. ಈಗ ಹಾಕ್ತೀನಿ. ನನಗೆ ಅಷ್ಟೇ ಬೇಕಾಗಿತ್ತು. ಮತ್ತೆ ತೆಗೆಸ್ಬೇಡ."

ಅಲ್ಲಾಲ್ ಗಿಡ ಸುಡಲಿಲ್ಲ. ವರ್ಷದ ಬೆವರನ್ನು ಯಾರೂ ಸುಡುವುದಿಲ್ಲ. ಮರುದಿನ ಬೆಳಿಗ್ಗೆ ಹೇಸರಗತ್ತೆಯ ಮೇಲೆ ಹೇರಿಕೊಂಡು ಮೀಮೂನನ ಮನೆಗೇ ಹೊಡೆದುಕೊಂಡು ಹೋದ. ಹೊರೆ ಕಟ್ಟಲು ನಾನು ಕೈ ಕೊಟ್ಟಿದ್ದರಿಂದ ಜೊತೆಗೆ ಹೋಗಬೇಕಾಯಿತು. ಬಾವ ಬಾಮೈದ ಎದುರುಬದುರಾಗಿ ನಿಂತು ಎಷ್ಟೋ ಕಾಲವಾಗಿತ್ತು. ಮೀಮೂನ್ ಗಿಡದ ತುದಿಯನ್ನು ಬೆರಳಲ್ಲಿ ಉಜ್ಜಿ, ಮೂಸಿ, ನಾಚಿಕೆಗೆಟ್ಟಷ್ಟು ಕಡಿಮೆ ಬೆಲೆ ಹೇಳಿದ. ಅಲ್ಲಾಲ್ ಚೌಕಾಸಿ ಮಾಡದೆ ಒಪ್ಪಿದ. ಅದರಿಂದ ಮೀಮೂನನಿಗೆ ಕಸಿವಿಸಿಯಾಯಿತೇನೋ, ಟೀ ತರಿಸಿದ.

"ಒಂದು ಕೇಳ್ತೀನಿ," ಎಂದ ಮೀಮೂನ್. "ನಿನ್ನ ಹೆಸರು ಕೊಟ್ಟಿದ್ದು ನಾನೇ ಅಂತ ಅನ್ಕೊಂಡಿದೀಯಾ?"

"ಹೂಂ."

"ಕುರಾನ್ ಮುಟ್ಟಿ ಹೇಳ್ಲಾ, ಅಲ್ಲ ಅಂತ?"

"ಬೇಡ. ಟೀ ಆರುತ್ತೆ."

ಇಬ್ಬರೂ ಟೀ ಕುಡಿದರು. ಹೊರಡುವಾಗ ಮೀಮೂನ್ ಬಾಗಿಲವರೆಗೆ ಬಂದ. "ಅವಳು ಹೇಗಿದಾಳೆ?" ಎಂದ, ಹೇಸರಗತ್ತೆಯ ಜೀನು ನೋಡುತ್ತ. ಅಲ್ಲಾಲ್, "ಬಂದು ನೋಡು," ಎಂದ. ಮೀಮೂನ್ ಬರಲಿಲ್ಲ. ಆ ವರ್ಷದ ಹಬ್ಬಕ್ಕೂ ಬರಲಿಲ್ಲ, ಈ ವರ್ಷದ ಹಬ್ಬಕ್ಕೂ ಬರಲಿಲ್ಲ.

ಹಿಮ ಕರಗುವ ಹೊತ್ತಿಗೆ ಕಂಪನಿಯ ದುಡ್ಡು ಬಂತು. ಮೀಮೂನ್ ಒಳ್ಳೆಯ ವರ್ಷದಲ್ಲಿ ಕೊಡುತ್ತಿದ್ದುದಕ್ಕಿಂತ ಕಡಿಮೆ, ಕೆಟ್ಟ ವರ್ಷದಲ್ಲಿ ಕೊಡುತ್ತಿದ್ದುದಕ್ಕಿಂತ ಹೆಚ್ಚು. ಸಂಘದಿಂದ ಇಬ್ಬರು ಹೆಂಗಸರು ಕಾಯಲಾಗದೆ ಅಷ್ಟರಲ್ಲೇ ಬಿಟ್ಟು ಹೋಗಿದ್ದರು. ಮೂವರು ಹೊಸಬರು ಸೇರಿದರು. ಊರಿನ ಅರ್ಧ ಹೊಲಗಳಲ್ಲಿ ಈಗಲೂ ಪರವಾನಗಿಯಿಲ್ಲದ ಕಿಫ್ ನಿಲ್ಲುತ್ತದೆ. ಮೀಮೂನನ ಪಂಪು ಈಗಲೂ ಗುಡುಗುಡಿಸುತ್ತದೆ. ಅಲ್ಲಾಲ್ ತನ್ನ ಹೊಲಕ್ಕೆ ತನ್ನ ಹೆಸರಿನಲ್ಲೇ ಅರ್ಜಿ ಹಾಕಿದ್ದಾನೆ, ಕಾಯುತ್ತಿದ್ದಾನೆ. ಅಲ್ಲಿಯವರೆಗೆ ಆ ಹೊಲದಲ್ಲಿ ನಿಜವಾಗಿಯೂ ಬಾರ್ಲಿ. ಸಂಘದ ಹೊಲದಲ್ಲಿ, ಹೆಣ್ಣುಗಿಡ ಬೀಜ ಕಟ್ಟದಂತೆ ಗಂಡುಗಿಡ ಕೀಳುವ ಕಾಲಕ್ಕೆ, ಕೂಲಿಗೆ ಹೋಗುತ್ತಾನೆ. "ಯಜಮಾನ್ತಿ ಕೂಲಿ ಸರಿಯಾಗಿ ಕೊಡ್ತಾಳಾ?" ಎಂದು ಯಾರಾದರೂ ಕೆಣಕಿದರೆ, "ಊಟ ಹಾಕ್ತಾಳೆ, ಬೈಗಳ ಪುಕ್ಕಟೆ," ಎನ್ನುತ್ತಾನೆ.

ಮೊನ್ನೆ ಒಂದು ಮಂಗಳವಾರ ಅವನು ನನ್ನ ವ್ಯಾನಿನ ಮುಂದಿನ ಸೀಟಿನಲ್ಲಿ ಬಂದು ಕೂತ. ಪೇಟೆಯಲ್ಲಿ ಏನು ಕೆಲಸ ಎಂದು ಕೇಳಿದೆ. ಏನೂ ಇಲ್ಲ ಎಂದ. ಇಳಿದು, ಪೊಲೀಸ್ ಠಾಣೆಯ ಎದುರಿನ ಹೋಟೆಲಿನ ಹೊರಗೆ ಕುರ್ಚಿ ಹಾಕಿಸಿಕೊಂಡು, ಕಾಫಿ ತರಿಸಿಕೊಂಡು ಕೂತ. ಠಾಣೆಯಿಂದ ಜನ ಹೊರಗೆ ಬರುತ್ತಿದ್ದರು, ಒಳಗೆ ಹೋಗುತ್ತಿದ್ದರು. ಯಾರೂ ಅವನ ಕಡೆ ನೋಡಲಿಲ್ಲ. ನಾನು ಸಾಮಾನು ತುಂಬಿಕೊಂಡು ಹಿಂದಿರುಗಿದಾಗಲೂ ಅಲ್ಲೇ ಇದ್ದ.

"ಹೇಗಿತ್ತು?" ಎಂದೆ.

"ಕಾಫಿ ನೀರುನೀರು," ಎಂದು ಅಲ್ಲಾಲ್ ವ್ಯಾನು ಹತ್ತಿದ. "ಮುಂದಿನ ವಾರವೂ ಒಂದು ಸೀಟು ಇಟ್ಟಿರು."